ದನದ ಮದ್ದು ಮನುಷ್ಯನ ಮೈ ಸೇರಿದಾಗ

ನಿಮ್ಮ ಕೊಟ್ಟಿಗೆಯ ಗೂಡಿನಲ್ಲೋ, ಅಡುಗೆಮನೆಯ ಅಟ್ಟದ ಮೇಲೋ ದನಕರು, ಆಡು-ಕುರಿಗಳಿಗೆಂದು ತಂದಿಟ್ಟ ಔಷಧದ ಬಾಟಲಿ ಇದೆಯೇ? ಇದ್ದರೆ ಈ ಲೇಖನವನ್ನು ಮುಂದೆ ಓದುವ ಮೊದಲು ಒಮ್ಮೆ ಎದ್ದು ಹೋಗಿ ಅದನ್ನು ನೋಡಿ ಬನ್ನಿ. ಅದರ ಚೀಟಿ ಹಾಗೇ ಇದೆಯೇ? ಚೀಟಿಯ ಮೇಲೆ ಸಾಕುಪ್ರಾಣಿಯ ತಲೆಯ ಒಂದು ಚಿಕ್ಕ ಚಿತ್ರ ಕಾಣುತ್ತದೆಯೇ? ನಮ್ಮ ದೇಶದ ಔಷಧ ನಿಯಮದ ಪ್ರಕಾರ ಪ್ರಾಣಿಗಳ ಔಷಧದ ಮೇಲೆ ಈ ಚಿತ್ರವೂ, 'ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ' ಎಂಬ ಅರ್ಥದ ಇಂಗ್ಲಿಷ್ ಬರಹವೂ ಇರಲೇಬೇಕು. ಇಂಗ್ಲಿಷ್ ಬಾರದವರಿಗೂ, ಓದಲು ಬಾರದ ಹಿರಿಯರಿಗೂ ಆ ಚಿತ್ರ ಗುರುತು ಸಿಗುತ್ತದೆ. ಇವತ್ತು ಮನೆಯ ಎಲ್ಲರಿಗೂ ಅದನ್ನು ತೋರಿಸಿಕೊಡಿ.

ಯಾಕೆಂದರೆ ಆ ಬಾಟಲಿಗಳಲ್ಲಿ ಕೆಲವು ಪ್ರಾಣಿಯನ್ನು ಮಂಪರಿಗೆ ಇಳಿಸುವಂಥವು. ಮನುಷ್ಯನ ಮೈ ಸೇರಿದರೆ ಅವು ನಿದ್ದೆಯ ರೂಪದಲ್ಲೇ ಜೀವಕ್ಕೆ ಅಪಾಯ ತರುತ್ತವೆ. ಈ ತಿಂಗಳ ಪಾಠ ಅವುಗಳ ಕುರಿತು.

ಒಂದು ಮನೆ, ಒಂದು ಬಾಟಲಿ

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ನರೋಣಾದಂಥ ಒಂದು ಊರು. ಬಕ್ರೀದ್‌ಗೆ ಇನ್ನು ಹದಿನೈದು ದಿನ ಇದೆ. ಕುರ್ಬಾನಿಗೆಂದು ಸಂತೆಯಿಂದ ತಂದ ಹೋತದ ಕಿವಿಯೊಳಗೆ, ತೊಡೆಯ ಸಂದಿಯಲ್ಲಿ ಉಣ್ಣಿ ಹತ್ತಿವೆ. ಅಬ್ಬಾ ಅಂಗಡಿಯಿಂದ ಉಣ್ಣಿ ಔಷಧ ತಂದು ನೀರಿಗೆ ಬೆರೆಸುತ್ತಾರೆ. ನೀರು ಹಾಲಿನಂತೆ ಬಿಳಿಯಾಗುತ್ತದೆ. ಹೋತದ ಮೈಗೆ ಹಚ್ಚಿದ ಮೇಲೆ ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ, ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿ ಬಾಗಿಲ ಮೂಲೆಯಲ್ಲಿ ಇಡುತ್ತಾರೆ. ಬಿಸಿಲಲ್ಲಿ ಆಡಿ ಬಾಯಾರಿ ಬಂದ ನಾಲ್ಕು ವರ್ಷದ ಮಗು ಅದನ್ನು ಎತ್ತಿ ಎರಡು ಗುಟುಕು ಕುಡಿಯುತ್ತದೆ. ಅರ್ಧ ಗಂಟೆಯೊಳಗೆ ಒಂದು ಸಲ ವಾಂತಿ. ಆಮೇಲೆ ಕಣ್ಣು ಎಳೆಯುತ್ತದೆ. "ಆಡಿ ದಣಿದಿದೆ, ಮಲಗಲಿ ಬಿಡು" ಎಂದು ದಾದಿಮಾ ಚಾದರ ಹೊದೆಸುತ್ತಾರೆ.

ಆ ಚಾದರ ಹೊದೆಸುವ ಗಳಿಗೆಯೇ ಅಪಾಯದ ಗಳಿಗೆ. ಮಗು ಅಳುವುದಿಲ್ಲ, ಒದ್ದಾಡುವುದಿಲ್ಲ, ನೊರೆ ಕಾರುವುದಿಲ್ಲ. ಸುಮ್ಮನೆ ಮಲಗಿದೆ. ಹೊಟ್ಟೆಗೆ ವಿಷ ಹೋದರೆ ದೊಡ್ಡ ಗದ್ದಲವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಈ ಜಾತಿಯ ವಿಷ ಗದ್ದಲ ಮಾಡುವುದಿಲ್ಲ.

ದನದ ಡಾಕ್ಟರ ಕೈಯ ಮಂಪರು ಮದ್ದು

ಮೊದಲು ಪಶುವೈದ್ಯರು ಬಳಸುವ ಮಂಪರು ಮದ್ದಿನ ಬಗ್ಗೆ ತಿಳಿಯೋಣ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಸೈಲಜಿನ್. ಎತ್ತಿನ ಕೊಂಬು ಮುರಿದಾಗ, ಗೊರಸಿನ ಗಾಯ ಹೊಲಿಯುವಾಗ, ಎಮ್ಮೆಯ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆಯುವಾಗ, ಕಚ್ಚಲು ಬರುವ ನಾಯಿಯನ್ನು ಹಿಡಿದು ಚಿಕಿತ್ಸೆ ಮಾಡುವಾಗ ಇದನ್ನು ಚುಚ್ಚುತ್ತಾರೆ. ನೋಡಲು ನೀರಿನಂತೆ ತಿಳಿ. ಕೆಲವೇ ನಿಮಿಷಗಳಲ್ಲಿ ಪ್ರಾಣಿ ತಲೆ ತಗ್ಗಿಸುತ್ತದೆ, ಜೊಲ್ಲು ಸುರಿಸುತ್ತದೆ, ಕಾಲು ಮಡಿಚಿ ಕೂರುತ್ತದೆ. ಕಾಡಿನಲ್ಲಿ ಆನೆ, ಚಿರತೆಗಳನ್ನು ಹಿಡಿಯಲು ದೂರದಿಂದ ಹಾರಿಸುವ ಸೂಜಿಯೊಳಗೂ ಬೇರೆ ಮದ್ದಿನೊಂದಿಗೆ ಇದೇ ಇರುತ್ತದೆ.

ಕ್ಸೈಲಜಿನ್ ಅನ್ನು 1962ರಲ್ಲಿ ಜರ್ಮನಿಯ ಬೇಯರ್ ಕಂಪೆನಿ ತಯಾರಿಸಿತು. ಆಗ ಅದರ ಉದ್ದೇಶ ಪ್ರಾಣಿಗಳಾಗಿರಲಿಲ್ಲ. ಮನುಷ್ಯರ ರಕ್ತದೊತ್ತಡ ಇಳಿಸಲು ಅದನ್ನು ಪರೀಕ್ಷಿಸಿದರು. ಆದರೆ ಅದು ಮನುಷ್ಯರಲ್ಲಿ ವಿಪರೀತ ಮಂಪರು ತಂದಿತು, ರಕ್ತದೊತ್ತಡವನ್ನು ಮಿತಿಮೀರಿ ಇಳಿಸಿತು. ಹೀಗಾಗಿ ಮನುಷ್ಯರಿಗೆ ಬೇಡವೆಂದು ಕೈಬಿಟ್ಟು, ಪ್ರಾಣಿಗಳಿಗೆ ಮಾತ್ರ ಉಳಿಸಿಕೊಂಡರು. 'ದನಕ್ಕೆ ಒಳ್ಳೆಯದಾದದ್ದು ನಮಗೂ ಸ್ವಲ್ಪ ಆದೀತು' ಎನ್ನುವವರು ಇದನ್ನು ನೆನಪಿಡಬೇಕು. ಮನುಷ್ಯರ ಮೇಲೆ ನೋಡಿ, ಆಗದು ಎಂದು ತೀರ್ಮಾನಿಸಿ ಬಿಟ್ಟ ಮದ್ದು ಇದು.

ಪ್ರಾಣಿಗಳಲ್ಲೂ ಇದರ ಅಳತೆ ಒಂದೇ ಅಲ್ಲ. ಮೈತೂಕದ ಲೆಕ್ಕದಲ್ಲಿ ಹಸುವಿಗೆ ಸಾಕಾಗುವ ಪ್ರಮಾಣ ಕುದುರೆಗೆ ಬೇಕಾದುದರ ಸುಮಾರು ಹತ್ತನೇ ಒಂದು ಭಾಗ. ಕುದುರೆಯ ಅಳತೆಯನ್ನು ಹಸುವಿಗೆ ಕೊಟ್ಟರೆ ಹಸು ಉಳಿಯುವುದು ಕಷ್ಟ. ಎರಡೂ ನಾಲ್ಕು ಕಾಲಿನ ದೊಡ್ಡ ಪ್ರಾಣಿಗಳೇ. ಆದರೂ ಇಷ್ಟು ವ್ಯತ್ಯಾಸ. ಹಾಗಿರುವಾಗ ದನದ ಸೂಜಿಯನ್ನು ನೋಡಿ ಮನುಷ್ಯನ ಅಳತೆ ಊಹಿಸುವುದು ಕಣ್ಣು ಕಟ್ಟಿಕೊಂಡು ಬಾವಿಯ ದಂಡೆಯಲ್ಲಿ ನಡೆದಂತೆ.

ದೇಹದೊಳಗೆ ಏನಾಗುತ್ತದೆ?

ನಮ್ಮ ಮೆದುಳಿನಲ್ಲಿ ನಾರ್‌ಅಡ್ರಿನಲಿನ್ ಎಂಬ ರಸವಿದೆ. ನಾವು ಎಚ್ಚರವಾಗಿರುವುದು, ಹೃದಯ ತಕ್ಕ ವೇಗದಲ್ಲಿ ಬಡಿಯುವುದು, ರಕ್ತದೊತ್ತಡ ಕುಸಿಯದೆ ಇರುವುದು ಇವೆಲ್ಲಕ್ಕೂ ಅದು ಬೇಕು. ರಸ ಹೆಚ್ಚಾಗಿ ಹರಿಯದಂತೆ ತಡೆಯಲು ಅಲ್ಲಾಹನು ನರಗಳ ತುದಿಯಲ್ಲೇ ಒಂದು ನಲ್ಲಿಯನ್ನೂ ಇಟ್ಟಿದ್ದಾನೆ. ವೈದ್ಯರು ಅದನ್ನು 'ಆಲ್ಫಾ-2 ಗ್ರಾಹಕ' ಎನ್ನುತ್ತಾರೆ. ಕ್ಸೈಲಜಿನ್ ನೇರವಾಗಿ ಹೋಗಿ ಈ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿಬಿಡುತ್ತದೆ. ರಸ ಬರುವುದು ಕಡಿಮೆಯಾಗುತ್ತದೆ.

ಆಗ ಕಾಣುವ ಲಕ್ಷಣಗಳು ಇವು:

• ಮಂಪರು, ತೊದಲು ಮಾತು, ಕೊನೆಗೆ ಕರೆದರೂ ಅಲ್ಲಾಡಿಸಿದರೂ ಏಳದಂಥ ಸ್ಥಿತಿ.
• ನಾಡಿ ನಿಧಾನವಾಗುವುದು. ರಕ್ತದೊತ್ತಡ ಮೊದಲು ಸ್ವಲ್ಪ ಹೊತ್ತು ಏರಬಹುದು, ಆಮೇಲೆ ಇಳಿಯುತ್ತದೆ.
• ಉಸಿರು ನಿಧಾನವಾಗಿ, ಮೇಲುಮೇಲಕ್ಕೆ ಬರುವುದು. ಕೆಲವರಲ್ಲಿ ನಿಂತೇ ಹೋಗುವುದು.
• ಕಣ್ಣಿನ ಪಾಪೆ ಸಾಸಿವೆ ಕಾಳಿನಂತೆ ಚಿಕ್ಕದಾಗುವುದು.
• ಬಾಯಿ ಒಣಗುವುದು, ಮೈ ತಣ್ಣಗಾಗುವುದು.
• ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ರಕ್ತದ ಸಕ್ಕರೆ ಏರುವುದು. ಇನ್ಸುಲಿನ್ ಸುರಿಯುವುದನ್ನೂ ಈ ಮದ್ದು ತಡೆಯುತ್ತದೆ.

ಇದರ ಪ್ರಭಾವ ಕೆಲವು ಗಂಟೆಗಳಿಂದ ಎರಡು-ಮೂರು ದಿನಗಳವರೆಗೆ ಇರಬಹುದು. 1979ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಕರಣವನ್ನು ಇಂದಿಗೂ ಈ ವಿಷಯ ಬರೆಯುವವರು ಉದಾಹರಿಸುತ್ತಾರೆ. ನಿದ್ದೆ ಬಾರದ ಒಬ್ಬ ಯುವಕ ಈ ದನದ ಮದ್ದನ್ನು ತಾನೇ ಚುಚ್ಚಿಕೊಂಡ. ಪ್ರಜ್ಞೆ ತಪ್ಪಿತು, ಉಸಿರು ಕುಗ್ಗಿತು. ಆಸ್ಪತ್ರೆಯಲ್ಲಿ ಯಂತ್ರದ ಮೂಲಕ ಉಸಿರು ಕೊಟ್ಟು ಕಾಪಾಡಬೇಕಾಯಿತು. ಆತ ಉಳಿದದ್ದು ಪ್ರತಿಮದ್ದಿನಿಂದಲ್ಲ. ಮದ್ದಿನ ಪ್ರಭಾವ ಇಳಿಯುವವರೆಗೆ ವೈದ್ಯರು ಅವನ ಉಸಿರನ್ನು ಹಿಡಿದಿಟ್ಟದ್ದರಿಂದ.

ಉಣ್ಣಿ ಔಷಧವೂ ಅದೇ ಜಾಡಿನದು

'ನಮ್ಮ ಮನೆಯಲ್ಲಿ ಮಂಪರು ಇಂಜೆಕ್ಷನ್ ಎಲ್ಲಿಂದ ಬರಬೇಕು' ಎಂದು ನೀವು ಕೇಳಬಹುದು. ನಿಜ. ಅದು ಹೆಚ್ಚಾಗಿ ದನದ ಡಾಕ್ಟರ ಚೀಲದಲ್ಲೇ ಇರುತ್ತದೆ. ಆದರೆ ಅದೇ ನಲ್ಲಿಯನ್ನು ತಿರುಗಿಸುವ ಇನ್ನೊಂದು ಔಷಧ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ದನ-ಕುರಿ ಸಾಕುವ ಮನೆಗಳಿಗೆ ಸಲೀಸಾಗಿ ಬರಬಲ್ಲದು. ಅದರ ಹೆಸರು ಅಮಿಟ್ರಾಜ್. ಉಣ್ಣಿ, ಹೇನು, ಕಜ್ಜಿಗೆ ಹಚ್ಚುವ ಔಷಧ. ಇಂಗ್ಲೆಂಡಿನ ಬೂಟ್ಸ್ ಕಂಪೆನಿ ಇದನ್ನು 1969ರಲ್ಲಿ ಕಂಡುಹಿಡಿಯಿತು. ನಮ್ಮಲ್ಲಿ ಶೇ. 12.5ರ ದ್ರಾವಣವಾಗಿ ಸಿಗುತ್ತದೆ. ಅದನ್ನು ಬಹಳ ನೀರು ಬೆರೆಸಿ ತೆಳುಮಾಡಿ ಹಚ್ಚಬೇಕು.

ಅಮಿಟ್ರಾಜ್ ನಿದ್ದೆಯ ಮದ್ದಲ್ಲ, ಕೀಟನಾಶಕ. ಆದರೆ ಮನುಷ್ಯನ ದೇಹದಲ್ಲಿ ಅದು ಹಿಡಿಯುವುದು ಕ್ಸೈಲಜಿನ್ ಹಿಡಿಯುವ ದಾರಿಯನ್ನೇ. ವಾಂತಿ, ಮಂಪರು, ನಿಧಾನ ನಾಡಿ, ಚಿಕ್ಕ ಪಾಪೆ, ತಣ್ಣಗಿನ ಮೈ, ಏರಿದ ಸಕ್ಕರೆ, ಕುಗ್ಗಿದ ಉಸಿರು. ಸಾಮಾನ್ಯವಾಗಿ ಕುಡಿದ ಅರ್ಧ ಗಂಟೆಯಿಂದ ಎರಡು-ಮೂರು ಗಂಟೆಯೊಳಗೆ ಲಕ್ಷಣಗಳು ಶುರುವಾಗುತ್ತವೆ. ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕವೂ, ಸಿಂಪಡಿಸುವಾಗ ಉಸಿರಿನ ಮೂಲಕವೂ ಇದು ಮೈ ಸೇರುತ್ತದೆ. ಮಗುವಿನ ತಲೆಯ ಹೇನಿಗೆ ದನದ ಔಷಧ ಹಚ್ಚುವವರಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ.

ಪ್ರಪಂಚದ ಬೇರೆ ಬೇರೆ ಕಡೆ ವರದಿಯಾದ ಅಮಿಟ್ರಾಜ್ ವಿಷಬಾಧೆಯ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ಒಟ್ಟುಗೂಡಿಸಿ 2016ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಟ್ಟು 310 ಪ್ರಕರಣಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಸತ್ತವರು 6 ಮಂದಿ, ಅಂದರೆ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಈ ಲೆಕ್ಕದಲ್ಲಿ ಎಚ್ಚರಿಕೆಯೂ ಇದೆ, ಸಮಾಧಾನವೂ ಇದೆ. ಮಕ್ಕಳಿಗೆ ಹೆಚ್ಚು ಅಪಾಯ. ಆದರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಬಹುಪಾಲು ಮಂದಿ ಒಂದೆರಡು ದಿನಗಳಲ್ಲಿ ಎದ್ದು ಕೂರುತ್ತಾರೆ.

ಖಾಲಿ ಬಾಟಲಿ ಯಾಕೆ ಅಷ್ಟು ಮುಖ್ಯ?

ನಮ್ಮದು ತೊಗರಿ ನಾಡು. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದು ಬರುವವರನ್ನು ಇಲ್ಲಿಯ ವೈದ್ಯರು ಕಂಡೇ ಇರುತ್ತಾರೆ. ಹೊಲದ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫರಸ್ ಎಂಬ ಗುಂಪಿನವುಗಳಿಂದಲೂ ಪಾಪೆ ಚಿಕ್ಕದಾಗುತ್ತದೆ, ನಾಡಿ ನಿಧಾನವಾಗುತ್ತದೆ, ಪ್ರಜ್ಞೆ ತಪ್ಪುತ್ತದೆ. ಹೀಗಾಗಿ ಉಣ್ಣಿ ಔಷಧ ಕುಡಿದವರನ್ನೂ ಮೇಲ್ನೋಟಕ್ಕೆ ಹೊಲದ ಔಷಧ ಕುಡಿದವರೆಂದು ತಿಳಿಯುವ ಸಾಧ್ಯತೆ ಇದೆ. ಎರಡರ ಚಿಕಿತ್ಸೆ ಒಂದೇ ಅಲ್ಲ. ಹೊಲದ ಔಷಧಕ್ಕೆ ಹೆಚ್ಚು ಪ್ರಮಾಣದಲ್ಲಿ ಅಟ್ರೋಪಿನ್ ಬೇಕಾಗುತ್ತದೆ. ಅಮಿಟ್ರಾಜ್‌ಗೆ ನಾಡಿ ತೀರಾ ಇಳಿದರೆ ಮಾತ್ರ ಅಟ್ರೋಪಿನ್ ಕೊಡುತ್ತಾರೆ.

ವ್ಯತ್ಯಾಸ ಗುರುತಿಸಲು ವೈದ್ಯರಿಗೆ ಕೆಲವು ಸುಳಿವುಗಳಿವೆ. ಹೊಲದ ಔಷಧದಲ್ಲಿ ಜೊಲ್ಲು, ಬೆವರು, ಭೇದಿ ಜೋರಾಗಿರುತ್ತವೆ. ಅಮಿಟ್ರಾಜ್‌ನಲ್ಲಿ ಅವು ಅಷ್ಟಾಗಿ ಇರುವುದಿಲ್ಲ, ಸಕ್ಕರೆ ಮಾತ್ರ ಏರಿರುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ಸುಳಿವು ನಿಮ್ಮ ಕೈಯಲ್ಲಿದೆ. ಅದು ಆ ಬಾಟಲಿ. ಚೀಟಿ ಇರುವ ಬಾಟಲಿಯನ್ನು ವೈದ್ಯರ ಮೇಜಿನ ಮೇಲೆ ಇಟ್ಟರೆ ಅರ್ಧ ರೋಗಪತ್ತೆ ಮುಗಿದಂತೆ.

ಕ್ಸೈಲಜಿನ್ ವಿಷಯದಲ್ಲಂತೂ ಇದು ಇನ್ನೂ ನಿಜ. ಆಸ್ಪತ್ರೆಗಳಲ್ಲಿ ಮಾಡುವ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ದೊಡ್ಡ ಪ್ರಯೋಗಾಲಯದ ವಿಶೇಷ ಯಂತ್ರವೇ ಬೇಕು. ನೀವು ಬಾಯಿಬಿಟ್ಟು ಹೇಳದಿದ್ದರೆ ವೈದ್ಯರಿಗೆ ತಿಳಿಯುವ ಬೇರೆ ದಾರಿ ಕಡಿಮೆ.

ಸೂಜಿ ಕೈಗೆ ಚುಚ್ಚಿದರೆ

ದನದ ಡಾಕ್ಟರು ಬಂದಾಗ ಎತ್ತಿನ ಮೂಗುದಾರ ಹಿಡಿಯುವವರು ನಾವೇ. ಎತ್ತು ಜಾಡಿಸಿದಾಗ ಸೂಜಿ ನಮ್ಮ ಅಂಗೈಗೋ ತೊಡೆಗೋ ನಾಟಬಹುದು. 'ಸ್ವಲ್ಪ ತಾಗಿತು ಅಷ್ಟೆ' ಎಂದು ಅಸಡ್ಡೆ ಮಾಡಬೇಡಿ. ಆ ಜಾಗವನ್ನು ಬಾಯಿಂದ ಹೀರಬೇಡಿ, ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಸೋಪು ನೀರಿನಿಂದ ತೊಳೆದು ತಕ್ಷಣ ಕುಳಿತುಕೊಳ್ಳಿ. ಯಾವ ಮದ್ದು, ಎಷ್ಟು ಹೋಗಿರಬಹುದು ಎಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಮಂಪರು ಬಾರದಿದ್ದರೂ ಆಸ್ಪತ್ರೆಗೆ ಹೋಗಿ. ಒಬ್ಬರೇ ಬೈಕ್ ಓಡಿಸಿಕೊಂಡು ಮಾತ್ರ ಹೋಗಬೇಡಿ, ದಾರಿಯಲ್ಲೇ ಕಣ್ಣು ಮುಚ್ಚಬಹುದು. ಇನ್ನೊಬ್ಬರು ಕರೆದೊಯ್ಯಲಿ.

ಆನೆಯಂಥ ದೊಡ್ಡ ಪ್ರಾಣಿಗಳಿಗೆ ಬಳಸುವ ಎಟಾರ್ಫಿನ್ ಎಂಬ ಮದ್ದು ಮಾರ್ಫಿನ್‌ಗಿಂತ ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು ತೀಕ್ಷ್ಣ. ಅದರ ಸೂಜಿ ಗೀರಿದರೂ ಜೀವಕ್ಕೆ ಅಪಾಯ. ಅದಕ್ಕಾಗಿ ಅದನ್ನು ಬಳಸುವವರು ಒಬ್ಬರೇ ಇರಬಾರದು, ಪ್ರತಿಮದ್ದು ಪಕ್ಕದಲ್ಲೇ ಸಿದ್ಧವಿರಬೇಕು ಎಂಬ ಕಟ್ಟುನಿಟ್ಟಿದೆ. ನುರಿತ ವೈದ್ಯರೇ ಇಷ್ಟು ಹೆದರಿ ನಡೆಯುವಾಗ ನಮ್ಮ ನಿರ್ಲಕ್ಷ್ಯಕ್ಕೆ ಅರ್ಥವಿಲ್ಲ.

ಮೊದಲ ಗಂಟೆಯಲ್ಲಿ ನೀವು ಮಾಡಬೇಕಾದದ್ದು

1. 108ಕ್ಕೆ ಕರೆ ಮಾಡಿ. ವಾಹನ ತಡವಾಗುವುದಾದರೆ ಊರಿನವರ ಯಾವುದಾದರೂ ಗಾಡಿಯಲ್ಲಿ ಹೊರಡಿ. ಮೊದಲು ಹತ್ತಿರದ ಆರೋಗ್ಯ ಕೇಂದ್ರ, ಅಲ್ಲಿಂದ ಉಸಿರಾಟದ ಯಂತ್ರ ಇರುವ ದೊಡ್ಡ ಆಸ್ಪತ್ರೆ. ನಮ್ಮ ಕಡೆಯವರಿಗೆ ಅದು ಕಲಬುರಗಿಯ ಜಿಮ್ಸ್‌ನಂಥ ಆಸ್ಪತ್ರೆ. ಆಳಂದ ಮುಂತಾದ ಕಡೆಯಿಂದ ಅಲ್ಲಿಗೆ ತಲುಪಲು ಹೊತ್ತು ಹಿಡಿಯುತ್ತದೆ. ಮನೆಮದ್ದಿನಲ್ಲಿ ಕಳೆದ ಪ್ರತಿ ನಿಮಿಷ ಆ ಹೊತ್ತಿನಿಂದಲೇ ಹೋಗುತ್ತದೆ.

2. ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆನೀರು, ಸಾಬೂನು ನೀರು, ಮಜ್ಜಿಗೆ, ಹಾಲು, ಏನನ್ನೂ ಕುಡಿಸಬೇಡಿ. ಬಾಯಿಗೆ ಬೆರಳು ಹಾಕಬೇಡಿ. ಉಣ್ಣಿ ಔಷಧದಲ್ಲಿ ಜೈಲೀನ್ ಎಂಬ ಸೀಮೆಎಣ್ಣೆಯಂಥ ದ್ರಾವಕ ಇರುತ್ತದೆ. ಮಂಪರಿನಲ್ಲಿರುವವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

3. ಎಡ ಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖವಾಗಿರಲಿ. ಅಂಗಾತ ಮಲಗಿಸಬೇಡಿ. ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟಬಹುದು.

4. ಒಬ್ಬರು ಪಕ್ಕದಲ್ಲೇ ಕುಳಿತು ಎದೆ ಏರಿಳಿಯುವುದನ್ನು ನೋಡುತ್ತಿರಿ. 'ಮಲಗಲಿ, ಎದ್ದ ಮೇಲೆ ನೋಡೋಣ' ಎನ್ನಬೇಡಿ. ಉಸಿರು ನಿಂತರೆ, ಕಲಿತವರಿದ್ದರೆ ಎದೆ ಒತ್ತುವ ಚಿಕಿತ್ಸೆ ಶುರುಮಾಡಿ. 108ರವರು ಫೋನಿನಲ್ಲಿ ಹೇಳಿದಂತೆ ಮಾಡಿ.

5. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಲಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ. ತೊಳೆದ ಮೇಲೆ ಒಣ ಚಾದರ ಹೊದೆಸಿ ಬೆಚ್ಚಗಿಡಿ.

6. ಬಾಟಲಿ, ಸಿರಿಂಜ್, ವಾಂತಿ ಮೆತ್ತಿದ ಬಟ್ಟೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಎಷ್ಟು ಗಂಟೆಗೆ, ಸುಮಾರು ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆಯಿರಿ.

ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಅದರ ಉಚಿತ ದೂರವಾಣಿ ಸಂಖ್ಯೆ 1800 116 117. ನಿಮಗೆ ಚಿಕಿತ್ಸೆ ಕೊಡುವ ವೈದ್ಯರೂ ಅಲ್ಲಿಂದ ಸಲಹೆ ಪಡೆಯಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮನುಷ್ಯರಿಗೆಂದು ಒಪ್ಪಿಗೆ ಪಡೆದ ಪ್ರತಿಮದ್ದು ಕ್ಸೈಲಜಿನ್‌ಗೂ ಇಲ್ಲ, ಅಮಿಟ್ರಾಜ್‌ಗೂ ಇಲ್ಲ. ಪ್ರಾಣಿಗಳನ್ನು ಎಬ್ಬಿಸಲು ಯೋಹಿಂಬಿನ್, ಅಟಿಪಮೆಜೋಲ್ ಎಂಬ ಮದ್ದುಗಳಿವೆ. ಅವು ಪ್ರಾಣಿಗಳಿಗೆ. 'ದನದ ಡಾಕ್ಟರ ಹತ್ತಿರ ಎಬ್ಬಿಸುವ ಸೂಜಿ ಇದೆಯಂತೆ, ಹಾಕಿಸೋಣ' ಎಂಬ ಯೋಚನೆ ಬೇಡ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡುತ್ತಾರೆ, ಬೇಕಾದರೆ ಗಂಟಲಿಗೆ ನಳಿಗೆ ಇಳಿಸಿ ಯಂತ್ರದಿಂದ ಉಸಿರಾಡಿಸುತ್ತಾರೆ. ಸಲೈನ್ ಏರಿಸಿ ರಕ್ತದೊತ್ತಡ ಎತ್ತುತ್ತಾರೆ, ನಾಡಿ ಮತ್ತು ಸಕ್ಕರೆಯನ್ನು ಮತ್ತೆ ಮತ್ತೆ ನೋಡುತ್ತಾರೆ. 'ಔಷಧವನ್ನೇ ಕೊಡಲಿಲ್ಲ, ಬರೀ ಸಲೈನ್ ಹಾಕಿ ಮಲಗಿಸಿದ್ದಾರೆ' ಎಂದು ಸಂಬಂಧಿಕರು ಗಲಾಟೆ ಮಾಡಬಾರದು. ಈ ವಿಷಕ್ಕೆ ಆ ಕಾವಲೇ ಚಿಕಿತ್ಸೆ. ಎಚ್ಚರವಾದ ಕೂಡಲೇ ಮನೆಗೆ ಕರೆದೊಯ್ಯಲು ಅವಸರ ಮಾಡಬೇಡಿ. ವೈದ್ಯರು ಹೇಳುವವರೆಗೆ ಅಲ್ಲೇ ಇರಲಿ.

ಮುಚ್ಚಿಡುವುದರಿಂದ ಜೀವ ಹೋಗುತ್ತದೆ

ಈಗ ಹೇಳಲು ಕಷ್ಟವಾದ ಒಂದು ಮಾತು. ಈ ಔಷಧಗಳು ಎಲ್ಲ ಸಲವೂ ಆಕಸ್ಮಿಕವಾಗಿ ಹೊಟ್ಟೆ ಸೇರುವುದಿಲ್ಲ. ಸಾಲದ ಚಿಂತೆ, ಮನೆಯ ಜಗಳ, ಪರೀಕ್ಷೆಯ ಸೋಲು, ಯಾವುದೋ ಒಂದು ಕತ್ತಲ ಗಳಿಗೆಯಲ್ಲಿ ಕೈಗೆ ಸಿಕ್ಕ ಬಾಟಲಿಯನ್ನು ಎತ್ತಿದವರೂ ಇರುತ್ತಾರೆ. ಅಂಥ ಹೊತ್ತಿನಲ್ಲಿ ಮನೆಯವರು 'ಪೊಲೀಸ್ ಕೇಸ್ ಆಗುತ್ತದೆ, ಜಮಾತಿನಲ್ಲಿ ಮುಖ ತೋರಿಸುವುದು ಹೇಗೆ' ಎಂದು ಹೆದರಿ, ವೈದ್ಯರ ಮುಂದೆ 'ಊಟ ಹಿಡಿಸಲಿಲ್ಲ' ಎನ್ನುತ್ತಾರೆ. ವೈದ್ಯರು ತಪ್ಪು ದಾರಿ ಹಿಡಿಯುತ್ತಾರೆ, ಹೊತ್ತು ಕಳೆಯುತ್ತದೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ. ಆಸ್ಪತ್ರೆಯಲ್ಲಿ ದಾಖಲೆ ಮಾಡಿಕೊಳ್ಳುವುದು ಕ್ರಮ, ಅದಕ್ಕೆ ಹೆದರಬೇಕಿಲ್ಲ. ಜೀವ ಅಲ್ಲಾಹನು ಕೊಟ್ಟ ಅಮಾನತು. ಅದನ್ನು ಉಳಿಸಲು ನಿಜ ಹೇಳುವುದರಲ್ಲಿ ಅವಮಾನವಿಲ್ಲ. ಬದುಕಿ ಬಂದವರನ್ನು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಅವರ ಮಾತಿಗೆ ಕಿವಿಯಾಗಿ. ಮನಸ್ಸಿಗೆ ಭಾರವಾದ ಯಾರೇ ಆಗಲಿ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರಕಾರಿ ಸೇವೆ. ಹಣ ಬೇಡ, ಕನ್ನಡದಲ್ಲೇ ಮಾತಾಡಬಹುದು.

ತರುಣರಿಗೂ ಒಂದು ಮಾತು. ಅಮೆರಿಕದಲ್ಲಿ ಮಾದಕವಸ್ತು ಮಾರುವವರು ಫೆಂಟನಿಲ್ ಎಂಬ ಅಮಲಿನ ಮದ್ದಿಗೆ ಕ್ಸೈಲಜಿನ್ ಬೆರೆಸತೊಡಗಿದರು. ಅದನ್ನು ಬಳಸಿದವರ ಕೈಕಾಲುಗಳಲ್ಲಿ ಮಾಂಸ ಕೊಳೆಯುವ ಹುಣ್ಣುಗಳಾದವು. ಪ್ರಾಣಾಪಾಯದ ಹೊತ್ತಿನಲ್ಲಿ ಫೆಂಟನಿಲ್‌ಗೆ ಕೊಡುವ ನಲಾಕ್ಸೋನ್ ಎಂಬ ಪ್ರತಿಮದ್ದು ಕ್ಸೈಲಜಿನ್‌ನ ಮಂಪರನ್ನು ಬಿಡಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ ಅಲ್ಲಿಯ ಸರಕಾರ ಈ ಬೆರಕೆಯನ್ನು ದೇಶಕ್ಕೆ ಎದುರಾದ ಹೊಸ ಅಪಾಯವೆಂದು ಘೋಷಿಸಿತು. ಮನುಷ್ಯರಿಗೂ ಪ್ರಾಣಿಗಳಿಗೂ ಅರಿವಳಿಕೆಯಾಗಿ ಬಳಸುವ ಕೆಟಮಿನ್ ಅನ್ನು ನಮ್ಮ ದೇಶದಲ್ಲೂ 2011ರಲ್ಲಿ ಮಾದಕವಸ್ತು ಕಾಯ್ದೆಯ ಅಡಿ ತರಲಾಯಿತು. ಅಮಲು ಹರಾಮ್ ಎಂಬುದು ನಿಮಗೆ ಗೊತ್ತಿದೆ. ಗೆಳೆಯ ಕೊಡುವ ಪೊಟ್ಟಣದಲ್ಲಿ ಏನೇನು ಬೆರೆತಿದೆ ಎಂಬುದು ಆ ಗೆಳೆಯನಿಗೂ ಗೊತ್ತಿರುವುದಿಲ್ಲ ಎಂಬುದನ್ನೂ ತಿಳಿದಿರಿ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

• ಪ್ರಾಣಿಯ ಔಷಧವನ್ನು ತಂದ ಬಾಟಲಿಯಲ್ಲೇ ಇಡಿ. ನೀರಿನ, ಶರಬತ್ತಿನ, ಎಣ್ಣೆಯ ಬಾಟಲಿಗೆ ಎಂದೂ ತುಂಬಬೇಡಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ, ಅಡುಗೆಮನೆಯಿಂದ ಹೊರಗೆ ಇಡಿ.
• ಉಣ್ಣಿ ಔಷಧವನ್ನು ಅಂದಿಗೆ ಬೇಕಾದಷ್ಟೇ ಬೆರೆಸಿ. ಉಳಿದರೆ ಬಾವಿ, ಹಳ್ಳ, ಕೆರೆಗೆ ಸುರಿಯಬೇಡಿ. ಏನು ಮಾಡಬೇಕೆಂದು ಚೀಟಿ ನೋಡಿ ಅಥವಾ ದನದ ದವಾಖಾನೆಯಲ್ಲಿ ಕೇಳಿ. ಬೆರೆಸಿದ ಬಕೆಟ್, ಚೊಂಬು ಬೇರೆಯೇ ಇರಲಿ. ವುಝೂ ಮಾಡುವ, ಕುಡಿಯುವ ನೀರಿಗೆ ಅವನ್ನು ಮುಟ್ಟಿಸಬೇಡಿ.
• ಹಚ್ಚುವಾಗ ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಬೀಡಿ-ಸಿಗರೇಟು ಹತ್ತಿರ ಬರಬಾರದು, ಆ ದ್ರಾವಕಕ್ಕೆ ಬೆಂಕಿ ಹತ್ತುತ್ತದೆ. ಗರ್ಭಿಣಿಯರು, ಮಕ್ಕಳು, ಸಕ್ಕರೆ ಕಾಯಿಲೆಯವರು ಈ ಕೆಲಸದಿಂದ ದೂರವಿರಲಿ. ಕುದುರೆಗೆ ಅಮಿಟ್ರಾಜ್ ಹಚ್ಚಲೇಬಾರದು.
• ಮಂಪರು ಇಂಜೆಕ್ಷನ್ ಪಶುವೈದ್ಯರೇ ತಂದು, ಅವರೇ ಹಾಕಿ, ಉಳಿದದ್ದನ್ನು ಅವರೇ ಒಯ್ಯಲಿ. 'ಹೋತವನ್ನು ಗಾಡಿಯಲ್ಲಿ ಸುಮ್ಮನಿರಿಸಲು ಸ್ವಲ್ಪ ಕೊಡಿ' ಎಂದು ಕೇಳಿ ಇಟ್ಟುಕೊಳ್ಳಬೇಡಿ. ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯದೆ ದನದ ದವಾಖಾನೆಗೆ ಹಿಂದಿರುಗಿಸಿ.
• ಕುರ್ಬಾನಿಯ ಪ್ರಾಣಿಗೆ ಯಾವುದೇ ಔಷಧ ಹಾಕಿಸಿದರೆ, ಹಚ್ಚಿದರೆ, ಅದರ ಮಾಂಸ ಎಷ್ಟು ದಿನದ ನಂತರ ತಿನ್ನಬಹುದು ಎಂದು ಪಶುವೈದ್ಯರನ್ನು ಕೇಳಿ ಬರೆದಿಡಿ. ಹಾಲು ಕರೆಯುವ ಎಮ್ಮೆ-ಹಸುವಿಗೂ ಇದೇ ಮಾತು. ಹಬ್ಬದ ಹಿಂದಿನ ದಿನ ಉಣ್ಣಿ ನೆನಪಾಗುವ ಬದಲು, ಪ್ರಾಣಿ ತಂದ ವಾರದಲ್ಲೇ ಡಾಕ್ಟರಿಗೆ ತೋರಿಸಿ.

ಪ್ರಾಣಿಗೆ ಕಾಯಿಲೆಯಾದಾಗ ಕರೆಯಬೇಕಾದ ಪಶು ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ 1962. ಕ್ಸೈಲಜಿನ್ ತಯಾರಾದ ವರ್ಷವೂ 1962. ಹೀಗೆ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ: ಪ್ರಾಣಿಗೆ 1962, ಮನುಷ್ಯನಿಗೆ 108.

ಕೊನೆಯದಾಗಿ, ಮೊದಲು ಹೇಳಿದ ಆ ಮನೆಗೆ ಮರಳೋಣ. ಮಗು ವಾಂತಿ ಮಾಡಿ ಮಲಗಿದೆ. ದಾದಿಮಾ ಚಾದರ ತಂದಿದ್ದಾರೆ. ಅಷ್ಟರಲ್ಲಿ ಬಾಗಿಲ ಮೂಲೆಯ ಬಾಟಲಿ ಅರ್ಧ ಖಾಲಿಯಾಗಿರುವುದು ಅಮ್ಮಿಯ ಕಣ್ಣಿಗೆ ಬೀಳುತ್ತದೆ. ಆಕೆ ಯಾರನ್ನೂ ಬೈಯುವುದಿಲ್ಲ, ಯಾವ ಕಷಾಯವನ್ನೂ ಕಾಯಿಸುವುದಿಲ್ಲ. ಮಗುವನ್ನು ಮಗ್ಗುಲಾಗಿಸಿ ಎತ್ತಿಕೊಳ್ಳುತ್ತಾಳೆ, ಔಷಧದ ಮೂಲ ಬಾಟಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ, 108ಕ್ಕೆ ಕರೆ ಮಾಡಿಸುತ್ತಾಳೆ. ಆ ಮಗು ಬಕ್ರೀದ್‌ನ ದಿನ ಹೊಸ ಬಟ್ಟೆ ತೊಟ್ಟು ಈದ್‌ಗಾಹ್‌ಗೆ ಹೋಗುವ ಸಾಧ್ಯತೆ ಬಹಳ ದೊಡ್ಡದು, ಇನ್‌ಶಾ ಅಲ್ಲಾಹ್.

ಆ ತಾಯಿಗೆ ಗೊತ್ತಿದ್ದದ್ದು ನಿಮಗೂ ಈಗ ಗೊತ್ತಾಗಿದೆ. ಪಕ್ಕದ ಮನೆಯವರಿಗೂ ಹೇಳಿ.